ಬ್ರಿಟಿಷರ ಕಾಲದ ದವಾಖಾನೆ: ಔಷಧ ಪುಕ್ಕಟೆ, ದುಡ್ಡು ಯಾರದ್ದು?

ಪ್ರಶ್ನೆ: ನಮ್ಮ ಅಜ್ಜ 1930ರ ದಶಕದಲ್ಲಿ ಧಾರವಾಡ ಜಿಲ್ಲೆಯ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಆಗ ಎಲ್ಲರಿಗೂ ಪುಕ್ಕಟೆ ಔಷಧ ಸಿಗುತ್ತಿತ್ತು, ಬ್ರಿಟಿಷರ ಕಾಲವೇ ಚಲೋ ಇತ್ತು ಅಂತ ಮನೆಯ ಹಿರಿಯರು ಹೇಳುತ್ತಾರೆ. ಇದು ಎಷ್ಟು ನಿಜ? ಅಲ್ಲಿ ಏನೇನು ಔಷಧ ಕೊಡುತ್ತಿದ್ದರು? ಅಜ್ಜನ ಕೆಲಸದ ದಾಖಲೆ ಎಲ್ಲಾದರೂ ಸಿಗಬಹುದಾ? (ಗದಗದ ಓದುಗರು)

ಉತ್ತರ: ಪುಕ್ಕಟೆ ಅನ್ನುವುದು ಬಹುಮಟ್ಟಿಗೆ ನಿಜ. ಎಲ್ಲರಿಗೂ ಅನ್ನುವುದು ನಿಜ ಅಲ್ಲ. ಮತ್ತೆ ಆ ಪುಕ್ಕಟೆ ಔಷಧದ ದುಡ್ಡು ಲಂಡನ್ನಿನಿಂದ ಬರುತ್ತಿರಲಿಲ್ಲ, ಇದನ್ನು ಮೊದಲು ಹೇಳಲೇಬೇಕು.

ನಿಮ್ಮ ಕಡೆ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1869ರ ಕಾಯ್ದೆಯ ಪ್ರಕಾರ ರೈತರು ಭೂಕಂದಾಯದ ಜೊತೆಗೆ ರೂಪಾಯಿಗೆ ಒಂದಾಣೆ (ಹದಿನಾರರಲ್ಲಿ ಒಂದು ಪಾಲು) ಸೆಸ್, ಅಂದರೆ ಹೆಚ್ಚುವರಿ ತೆರಿಗೆ, ಕಟ್ಟಬೇಕಿತ್ತು. ಆ ದುಡ್ಡು ಲೋಕಲ್ ಫಂಡಿಗೆ, ಅಂದರೆ ಸ್ಥಳೀಯ ಕೆಲಸಗಳ ನಿಧಿಗೆ, ಹೋಗುತ್ತಿತ್ತು. ಹೆಚ್ಚಿನ ಪಾಲು ರಸ್ತೆಗೆ ಮತ್ತು ಶಾಲೆಗೆ. ದವಾಖಾನೆಗೆ ಬರುತ್ತಿದ್ದದ್ದು ಸಣ್ಣ ತುಣುಕು. ಪೇಟೆಗಳಲ್ಲಿ ಮುನಿಸಿಪಾಲಿಟಿ ಒಂದಿಷ್ಟು ಕೊಡುತ್ತಿತ್ತು, ಊರಿನ ಸಾಹುಕಾರರು ಕಟ್ಟಡಕ್ಕೆ ವಂತಿಗೆ ಹಾಕುತ್ತಿದ್ದರು. ದೊಡ್ಡ ಆಸ್ಪತ್ರೆಗಳ ಕಥೆಯೂ ಹಾಗೆಯೇ. ಮುಂಬೈಯಲ್ಲಿ 1845ರಲ್ಲಿ ಶುರುವಾದ ಜೆ.ಜೆ. ಆಸ್ಪತ್ರೆಗೆ ಪಾರ್ಸಿ ವ್ಯಾಪಾರಿ ಜಮ್ಸೆಟ್‌ಜಿ ಜೀಜೀಭಾಯ್ ಒಂದು ಲಕ್ಷ ರೂಪಾಯಿ ಕೊಟ್ಟಿದ್ದರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ವೈಸ್‌ರಾಯ್ ಕರ್ಜನ್ ಬಂದು ಉದ್ಘಾಟಿಸಿದ, ಹೆಸರೂ ಬ್ರಿಟಿಷ್ ರಾಣಿಯದ್ದೇ, ಆದರೆ ಅದು ಮೈಸೂರು ಸಂಸ್ಥಾನದ ಆಸ್ಪತ್ರೆ. 1897ರಲ್ಲಿ ಅಡಿಗಲ್ಲು ಹಾಕಿದ್ದು ರಾಜಪ್ರತಿನಿಧಿ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು.

ಇನ್ನು ಕೆಲಸ ಮಾಡುತ್ತಿದ್ದವರು ಯಾರು? ಜಿಲ್ಲೆಗೊಬ್ಬ ಸಿವಿಲ್ ಸರ್ಜನ್. ಬಹುಕಾಲ ಆ ಕುರ್ಚಿಯಲ್ಲಿ ಇಂಗ್ಲಿಷರೇ ಇರುತ್ತಿದ್ದರು. ಹಳ್ಳಿ ಪೇಟೆಯ ದವಾಖಾನೆಗೆ ಆತ ವರ್ಷದಲ್ಲಿ ಆಗೊಮ್ಮೆ ಈಗೊಮ್ಮೆ ತಪಾಸಣೆಗೆ ಬಂದರೆ ಬಂದ. ದಿನಾ ಬಾಗಿಲು ತೆಗೆಯುತ್ತಿದ್ದವರು ಹಾಸ್ಪಿಟಲ್ ಅಸಿಸ್ಟೆಂಟ್ (ಮುಂದೆ ಇವರನ್ನು ಸಬ್ ಅಸಿಸ್ಟೆಂಟ್ ಸರ್ಜನ್ ಅಂತ ಕರೆದರು), ನಿಮ್ಮ ಅಜ್ಜನಂಥ ಕಂಪೌಂಡರು ಮತ್ತು ಒಬ್ಬಿಬ್ಬರು ಜವಾನರು. ಎಲ್ಲರೂ ನಮ್ಮವರೇ, ಸಂಬಳ ಕಡಿಮೆ, ಕೆಲಸ ಜಾಸ್ತಿ. ಆ ಕಾಲದ ಆಸ್ಪತ್ರೆ ಚಲೋ ಇತ್ತು ಅಂತ ಯಾರಾದರೂ ನೆನೆದರೆ, ನನ್ನ ಪ್ರಕಾರ ಆ ಹೆಸರು ಸಲ್ಲಬೇಕಾದದ್ದು ಇವರಿಗೆ.

ನಿಮ್ಮ ಅಜ್ಜನ ಮೇಜಿನ ಮೇಲೆ ಏನಿರುತ್ತಿತ್ತು ಅಂತ ಸುಲಭವಾಗಿ ಊಹಿಸಬಹುದು. ಔನ್ಸ್ ಲೆಕ್ಕದ ಅಳತೆ ಗ್ಲಾಸು, ತಕ್ಕಡಿ, ಪುಡಿ ಅರೆಯುವ ಪಿಂಗಾಣಿ ಒರಳು. ರೋಗಿ ಮನೆಯಿಂದ ಸೀಸೆ ತೊಳೆದು ತರಬೇಕು. ಕಂಪೌಂಡರು ಮಿಕ್ಸ್ಚರ್ ಬೆರೆಸಿ ಅದಕ್ಕೆ ತುಂಬುತ್ತಿದ್ದರು. ಒಂದು ಸಲಕ್ಕೆ ಎಷ್ಟು ಕುಡಿಯಬೇಕು ಅಂತ ಗೊತ್ತಾಗಲು ಕಾಗದದ ಪಟ್ಟಿಯನ್ನು ಮಡಚಿ, ಅಂಚನ್ನು ಕಚ್ಚು ಕಚ್ಚಾಗಿ ಕತ್ತರಿಸಿ, ಸೀಸೆಯ ಹೊರಗೆ ಅಂಟಿಸುತ್ತಿದ್ದರು. ಓದು ಬಾರದವರೂ ಕಚ್ಚು ನೋಡಿ ಕುಡಿಯಬಹುದಿತ್ತು. ಎಷ್ಟು ಜಾಣತನದ ಕೆಲಸ ನೋಡಿ! ಚಳಿಜ್ವರಕ್ಕೆ ಕ್ವಿನೈನ್, ಜಂತುಹುಳಕ್ಕೆ ಸ್ಯಾಂಟೋನಿನ್, ಕಜ್ಜಿಗೆ ಗಂಧಕದ ಮುಲಾಮು, ಗಾಯಕ್ಕೆ ಟಿಂಚರ್ ಅಯೋಡಿನ್, ಹೊಟ್ಟೆಗೆ ಹರಳೆಣ್ಣೆ. ನಿಮ್ಮ ಕಡೆ ಬಾವಿಗೆ ಇಳಿದು ನೀರು ತುಂಬುತ್ತಿದ್ದ ಊರುಗಳಲ್ಲಿ ನಾರುಹುಣ್ಣಿನ (ಕುಡಿಯುವ ನೀರಿನಿಂದ ಮೈಯೊಳಗೆ ಸೇರುವ ದಾರದಂಥ ಹುಳದ ರೋಗ) ರೋಗಿಗಳೂ ಸಾಕಷ್ಟು ಬರುತ್ತಿದ್ದರು. ಕುರು ಕೊಯ್ಯುವುದರಲ್ಲಿ ಮತ್ತು ಮುರಿದ ಮೂಳೆ ಕಟ್ಟುವುದರಲ್ಲಿ ಈ ದವಾಖಾನೆಗಳು ಜನರ ನಂಬಿಕೆ ಗಳಿಸಿದವು. ನ್ಯುಮೋನಿಯಾದಂಥ ಸೋಂಕಿಗೆ ಮಾತ್ರ ಆಗ ಹೇಳಿಕೊಳ್ಳುವಂಥ ಔಷಧವೇ ಇರಲಿಲ್ಲ. ಸಲ್ಫಾ ಮಾತ್ರೆ ಬಂದದ್ದು 1930ರ ದಶಕದ ಕೊನೆಗೆ, ಪೆನ್ಸಿಲಿನ್ ಇನ್ನೂ ತಡ.

ಈಗ ಎಲ್ಲರಿಗೂ ಅನ್ನುವ ಮಾತಿಗೆ ಬರೋಣ. ಸರ್ಕಾರಿ ಕಾಗದದಲ್ಲಿ ಯಾರಿಗೂ ಬಾಗಿಲು ಮುಚ್ಚಿರಲಿಲ್ಲ. ಆದರೆ ಇಪ್ಪತ್ತು ಮೈಲಿ ಆಚೆಯ ಹಳ್ಳಿಯ ಬಾಣಂತಿಗೆ ಆ ಬಾಗಿಲಿದ್ದು ಏನು ಬಂತು? ಗಂಡಸು ವೈದ್ಯರ ಮುಂದೆ ಹೋಗಲು ಹೆಂಗಸರು ಹಿಂಜರಿಯುತ್ತಿದ್ದರು. ಇದಕ್ಕೆಂದೇ 1885ರಲ್ಲಿ ಡಫರಿನ್ ಫಂಡ್ ಶುರುವಾಯಿತು. ಅದರಿಂದ ಕಟ್ಟಿದ ಹೆಣ್ಣುಮಕ್ಕಳ ಆಸ್ಪತ್ರೆಗಳು ಹೆಚ್ಚಾಗಿ ಪಟ್ಟಣಗಳಲ್ಲೇ ಉಳಿದವು.

ಜಾತಿಯದ್ದು ಇದಕ್ಕಿಂತ ಕ್ರೂರ. 1929ರಲ್ಲಿ ಈಗಿನ ಗುಜರಾತಿನ ಕಾಠಿಯಾವಾಡದ ದಲಿತ ಶಿಕ್ಷಕರೊಬ್ಬರು ತಮಗಾದದ್ದನ್ನು ಗಾಂಧೀಜಿಯವರ ಪತ್ರಿಕೆಗೆ ಬರೆದರು. ಹೆತ್ತು ಎರಡೇ ದಿನಕ್ಕೆ ಹೆಂಡತಿಗೆ ಕಾಯಿಲೆ ಜೋರಾಯಿತು. ಡಾಕ್ಟರು ಎರಡು ರೂಪಾಯಿ ಫೀಸು ತೆಗೆದುಕೊಂಡರು, ಕೇರಿಯ ಒಳಗೆ ಮಾತ್ರ ಕಾಲಿಡಲಿಲ್ಲ. ಬಾಣಂತಿಯನ್ನೇ ಹೊರಗೆ ತರಬೇಕಾಯಿತು. ಥರ್ಮಾಮೀಟರನ್ನು ಒಬ್ಬ ಮುಸ್ಲಿಮರ ಕೈಗೆ ಕೊಟ್ಟರು, ಅವರು ಗಂಡನಿಗೆ ಕೊಟ್ಟರು, ಗಂಡ ಹೆಂಡತಿಗೆ ಇಟ್ಟರು. ಅದೇ ದಾರಿಯಲ್ಲಿ ವಾಪಸು ಬಂದದ್ದನ್ನು ಡಾಕ್ಟರು ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಅಂದರು. ಮೈ ಮುಟ್ಟಲೇ ಇಲ್ಲ. ಆಕೆ ತೀರಿಹೋದರು. ಇದನ್ನು ಮುಂದೆ ಅಂಬೇಡ್ಕರ್ ಕೂಡ ದಾಖಲಿಸಿದ್ದಾರೆ. ಆ ಕಾಲದ ಚಿಕಿತ್ಸೆಯನ್ನು ಹೊಗಳುವ ಮೊದಲು ಈ ಪತ್ರವನ್ನು ಒಮ್ಮೆ ಓದಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕೊನೆಗೆ ದಾಖಲೆ. ಮುಂಬೈ ಪ್ರಾಂತ್ಯದ ಆಸ್ಪತ್ರೆ, ದವಾಖಾನೆಗಳ ವಾರ್ಷಿಕ ವರದಿಗಳನ್ನು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿ ಕೇಳಿ. ಊರಿನ ದವಾಖಾನೆಗೆ ಎಷ್ಟು ರೋಗಿಗಳು ಬಂದರು, ಎಷ್ಟು ಖರ್ಚಾಯಿತು ಅನ್ನುವಂಥ ಲೆಕ್ಕಗಳು ಅಂಥ ವರದಿಗಳಲ್ಲಿ ಇರುತ್ತವೆ. ಕಂಪೌಂಡರ ಹೆಸರು ಅಲ್ಲಿ ಸಿಗುವುದು ಕಷ್ಟ, ಹೆಚ್ಚಾಗಿ ಡಾಕ್ಟರ ಹೆಸರಿಗೇ ನಿಲ್ಲಿಸುತ್ತಿದ್ದರು. ಅದಕ್ಕೇ ಮೊದಲು ಮನೆಯ ಹಳೇ ಟ್ರಂಕು ನೋಡಿ. ಕಂಪೌಂಡರ್ ಪರೀಕ್ಷೆ ಪಾಸಾದ ಸರ್ಟಿಫಿಕೇಟು, ವರ್ಗಾವಣೆ ಆದೇಶ, ಪಿಂಚಣಿ ಕಾಗದ, ಇವುಗಳಲ್ಲಿ ಒಂದು ಸಿಕ್ಕರೂ ದವಾಖಾನೆಯ ಹೆಸರು ಮತ್ತು ಇಸವಿ ಗೊತ್ತಾಗುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ಪತ್ರಾಗಾರದಲ್ಲಿ ಸರಿಯಾದ ವರ್ಷದ ವರದಿ ಕೇಳಬಹುದು.