ಗೀಸರ್‌ಗೆ ಜಂಗು: ಹೊಸದು ಕೊಳ್ಳುವ ಮುನ್ನ ಒಳಗಿನ ರಾಡ್ ನೋಡಿ

ಪ್ರಶ್ನೆ: ನಮ್ಮ ಮನೆಗೆ ಬೋರ್ ನೀರೇ ಆಧಾರ. 25 ಲೀಟರಿನ ಗೀಸರ್ ಹಾಕಿಸಿ ನಾಲ್ಕು ವರ್ಷವಾಯಿತು. ಈಗ ನೀರು ಕಾಯಲು ಮೊದಲಿಗಿಂತ ಬಹಳ ಹೊತ್ತು ಬೇಕು, ಒಳಗೆ ಗುರ್ ಗುರ್ ಸಪ್ಪಳ. ಬೆಳಿಗ್ಗೆ ಮೊದಲು ಬರುವ ಬಿಸಿನೀರು ಕೆಂಪಗಿರುತ್ತದೆ. ಕೆಳಗಿನ ವಾಲ್ವ್‌ನಿಂದ ಹನಿಯೂ ಬೀಳುತ್ತದೆ. ರಿಪೇರಿಗೆ ಬಂದವರು ‘ಟ್ಯಾಂಕ್ ಹೋಗ್ಯದ, ಹೊಸಾದ್ ತಗೋರಿ’ ಎಂದರು. ಉಳಿಸಿಕೊಳ್ಳಲು ದಾರಿ ಇದೆಯೇ?
– ಗೃಹಿಣಿ, ವಿಜಯಪುರ

ಉತ್ತರ: ತಾಯಿ, ಟ್ಯಾಂಕಿನ ಮೈಯಿಂದಲೇ ನೀರು ಒಸರುತ್ತಿದ್ದರೆ ಮಾತ್ರ ಅವರ ಮಾತು ನಿಜ. ತೂತು ಬಿದ್ದ ಟ್ಯಾಂಕಿಗೆ ರಿಪೇರಿ ಇಲ್ಲ. ನೀವು ಬರೆದ ಲಕ್ಷಣಗಳಿಂದ ಅಷ್ಟು ಹೇಳಲಾಗದು.

ಮೊದಲು ಕೆಂಪು ನೀರು. ತಣ್ಣೀರಿನ ನಳ ಬಿಟ್ಟು ಒಂದು ಬಿಳಿ ಬಕೆಟ್‌ನಲ್ಲಿ ಹಿಡಿಯಿರಿ. ಅದೂ ಕೆಂಪಗಿದ್ದರೆ ದೋಷ ಬೋರಿನದು ಇಲ್ಲವೇ ಹಳೆಯ ಜಿಐ ಪೈಪಿನದು. ಬಿಸಿನೀರು ಮಾತ್ರ ಕೆಂಪಗಿದ್ದರೆ ಗೀಸರ್ ಒಳಗೆ ಜಂಗು ಹಿಡಿಯುತ್ತಿದೆ, ಹಾಗಿದ್ದರೆ ನೋಡಬೇಕಾದದ್ದು ಮೆಗ್ನೀಸಿಯಂ ರಾಡ್. ಮೆಕ್ಯಾನಿಕ್‌ಗಳು ಇದನ್ನು ಆನೋಡ್ ಎನ್ನುತ್ತಾರೆ. ಉಕ್ಕಿನ ಟ್ಯಾಂಕಿನ ಒಳಮೈಗೆ ಗಾಜಿನಂಥ ಲೇಪನ ಇರುತ್ತದೆ. ಆ ಲೇಪನದಲ್ಲಿ ಎಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಉಕ್ಕನ್ನು ಮುಟ್ಟುತ್ತದೆ. ಮೆಗ್ನೀಸಿಯಂ ಉಕ್ಕಿಗಿಂತ ಬೇಗ ಕರಗುವ ಲೋಹ. ಅದು ಇರುವತನಕ ತಾನು ಸವೆದು ಟ್ಯಾಂಕನ್ನು ಕಾಯುತ್ತದೆ. ಅದು ಮುಗಿದ ಮೇಲೆ ಟ್ಯಾಂಕಿನ ಸರದಿ.

ಬೋರ್ ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ರಾಡ್ ಬೇಗ ಸವೆಯುತ್ತದೆ. ಹೊಳೆ ನೀರು ಬರುವ ಮನೆಯಲ್ಲಿ ಬಾಳಿದಷ್ಟು ದಿನ ಸವಳು ನೀರಿನ ಮನೆಯಲ್ಲಿ ಬಾಳದು. ಆದ್ದರಿಂದ ನಿಮ್ಮಂಥವರು ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಅದನ್ನು ತೆಗೆಸಿ ಕಣ್ಣಾರೆ ನೋಡಲೇಬೇಕು. ಹೊಸ ರಾಡ್ ನುಣುಪಾಗಿ, ಬೆರಳಿನಷ್ಟು ದಪ್ಪ ಇರುತ್ತದೆ. ಸವೆದದ್ದು ಇಲಿ ಕಡಿದ ಕಬ್ಬಿನ ಗಳದಂತೆ ಗುಳಿಗುಳಿಯಾಗಿರುತ್ತದೆ. ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ, ನಡುವಿನ ತಂತಿ ಕಾಣುತ್ತಿದ್ದರೆ ಬದಲಿಸಿ. ‘ಸರ್ವಿಸ್ ಆಯ್ತ್ರಿ’ ಎಂಬ ಮಾತಿಗೆ ದುಡ್ಡು ಕೊಡಬೇಡಿ, ಹಳೆಯ ರಾಡ್ ಕೈಗೆ ಕೊಡಿ ಎಂದು ಕೇಳಿ. ಹೊಸ ಗೀಸರಿನ ಬೆಲೆಯ ಮುಂದೆ ಈ ರಾಡಿನ ಬೆಲೆ ಏನೇನೂ ಅಲ್ಲ. ಆದರೂ ಇದನ್ನು ನೋಡುವವರೇ ಇಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸಪ್ಪಳ ಮತ್ತು ತಡವಾಗಿ ಕಾಯುವುದು ಸುಣ್ಣದ ಕೆಲಸ. ಗಡುಸು ನೀರು ಕಾದಾಗ ಅದರ ಕ್ಯಾಲ್ಸಿಯಂ ಬಿಳಿ ಹಕ್ಕಳೆಯಾಗಿ ಕಾಯಿಲ್‌ಗೆ ಅಂಟುತ್ತದೆ, ಉಳಿದದ್ದು ತಳಕ್ಕೆ ಕೂರುತ್ತದೆ. ಹಕ್ಕಳೆಯ ಅಡಿ ಸಿಕ್ಕ ನೀರು ಕುದಿದು ಗುರ್ ಎನ್ನುತ್ತದೆ. ಶಾಖ ಹೊರಬರದೆ ಕಾಯಿಲ್ ತಾನೇ ಸುಟ್ಟುಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ನಿಮ್ಮ ಬೋರ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಸಂಖ್ಯೆ ನೋಡಿದರೆ ಗೀಸರಿನ ಕಷ್ಟ ಅರ್ಥವಾಗುತ್ತದೆ. ಬಿಸಿಯ ಮಟ್ಟ ಹಿಡಿದಿಡುವ ಥರ್ಮೋಸ್ಟಾಟನ್ನು ಗರಿಷ್ಠಕ್ಕೆ ತಿರುಗಿಸಿಡಬೇಡಿ, 55ರಿಂದ 60 ಡಿಗ್ರಿ ಸಾಕು. ಅದಕ್ಕಿಂತ ಮೇಲೆ ಸುಣ್ಣ ಭರದಿಂದ ಕೂರುತ್ತದೆ.

ಸ್ವಚ್ಛ ಮಾಡಿಸುವಾಗ ಕರೆಂಟಿನ ಬೋರ್ಡಿನಲ್ಲಿರುವ ಎಂಸಿಬಿಯನ್ನೇ ಆಫ್ ಮಾಡಿ, ಗೋಡೆಯ ಸ್ವಿಚ್ ನಂಬಬೇಡಿ. ನೀರು ಆರಿದ ಮೇಲೆ ಖಾಲಿ ಮಾಡಿಸಿ. ಕಾಯಿಲ್‌ನ ಹಕ್ಕಳೆಯನ್ನು ಸುತ್ತಿಗೆಯಿಂದ ಬಡಿಯದೆ, ಸಿಟ್ರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ನೆನೆಸಿ ಬಿಡಿಸಲಿ. ಬಚ್ಚಲು ತೊಳೆಯುವ ಆ್ಯಸಿಡ್ ಟ್ಯಾಂಕಿನೊಳಗೆ ಸುರಿಯಲು ಬಿಡಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ಜೋಡಣೆಯಲ್ಲಿ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದೇ ಹಾಕಿಸಿ. ಕೊನೆಗೆ ಟ್ಯಾಂಕ್ ತುಂಬಿ, ಬಿಸಿನೀರಿನ ನಳದಿಂದ ಧಾರೆ ಬಂದ ಮೇಲೆಯೇ ಕರೆಂಟ್ ಕೊಡಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಡುತ್ತದೆ.

ವಾಲ್ವ್‌ನ ಹನಿ? ಕಾಯುವಾಗ ನೀರು ಹಿಗ್ಗಿ ಒಂದಿಷ್ಟು ಹನಿ ಬಿದ್ದರೆ ಅದು ಸರಿಯಾಗಿಯೇ ಇದೆ. ಆಫ್ ಇದ್ದಾಗಲೂ ಬೀಳುತ್ತಿದ್ದರೆ ಒಳಗೆ ಸುಣ್ಣ ಸಿಕ್ಕಿರುತ್ತದೆ, ವಾಲ್ವ್ ಬದಲಿಸಿ. ಅದಕ್ಕೆ ಬೂಚು ಹಾಕಿ ನಿಲ್ಲಿಸುವವರನ್ನು ಮಾತ್ರ ಮನೆಯೊಳಗೆ ಬಿಡಬೇಡಿ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಒತ್ತಡ ಹೊರಹೋಗಲು ಇರುವ ದಾರಿ ಅದು. ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು. ನಳ ಮುಟ್ಟಿದಾಗ ಜುಮ್ ಎಂದರೂ ಅಷ್ಟೇ, ತಕ್ಷಣ ಆಫ್ ಮಾಡಿ ಅರ್ಥಿಂಗ್ ನೋಡಿಸಿ.

ಮೃದು ನೀರಿಗಾಗಿ ಸಾಫ್ಟ್‌ನರ್ ಹಾಕಿಸುವ ಯೋಚನೆ ಇದ್ದರೆ ಹಾಕಿಸಿ, ಸುಣ್ಣ ಕಡಿಮೆಯಾಗುತ್ತದೆ. ಆದರೆ ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಅಂಥ ನೀರಿನಲ್ಲಿ ರಾಡ್ ಇನ್ನೂ ಬೇಗ ಕರಗುತ್ತದೆ. ಆಗ ಆರು ತಿಂಗಳಿಗೊಮ್ಮೆ ನೋಡಿಸಿ. ಮಾಳಿಗೆಯ ಮೇಲೆ ಸೋಲಾರ್ ಇದ್ದವರೂ ಗಮನಿಸಿ: ಗಾಜಿನ ಲೇಪನದ ಉಕ್ಕಿನ ಟ್ಯಾಂಕಾಗಿದ್ದರೆ ಅದರೊಳಗೂ ಇದೇ ರಾಡ್ ಇರುತ್ತದೆ.

ಈಗ ನಿಮ್ಮ ಗೀಸರ್ ಬಿಚ್ಚಿಸಿ. ರಾಡ್ ಮುಗಿದಿದ್ದು ಟ್ಯಾಂಕ್ ಸೋರದಿದ್ದರೆ ರಾಡ್, ಗ್ಯಾಸ್ಕೆಟ್ ಹೊಸದು ಹಾಕಿಸಿ, ಒಂದು ವಾರ ನೀರಿನ ಬಣ್ಣ ನೋಡಿ. ತಿಳಿಯಾದರೆ ಬಳಸಿ. ಕೆಂಪು ಹಾಗೇ ಉಳಿದರೆ ಲೇಪನ ಬಹಳ ಹಾಳಾಗಿದೆ ಎಂದರ್ಥ, ಆಗ ಹೊಸದಕ್ಕೆ ದುಡ್ಡು ಜೋಡಿಸಿಕೊಳ್ಳಿ. ಕೊಳ್ಳುವಾಗ ಆ ಮಾದರಿಯ ರಾಡ್ ನಿಮ್ಮ ಊರಲ್ಲೇ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ.