ಫ್ರೆಂಚ್ ಗೆಳತಿಯ ಪ್ರೀತಿಯ ಮಾತುಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಗೆಳತಿ ನಿಮ್ಮನ್ನು ‘ಮೋಂ ಶೂ’ ಎಂದು ಕರೆಯುತ್ತಾಳೆ, ಸಂದೇಶದ ಕೊನೆಗೆ ‘ಬಿಜೂ’ ಎಂದು ಬರೆಯುತ್ತಾಳೆ, ಇಂಥ ಮಾತುಗಳಿಗೆಲ್ಲ ಇಂಗ್ಲಿಷ್ ಅರ್ಥದ ಪಟ್ಟಿ ಬೇಕೆಂದು ಕೇಳಿದ್ದೀರಿ. ಆ ಪಟ್ಟಿ ನಿಮಗೆ ಬೇಡ. ಅಂಥದ್ದೊಂದು ನನ್ನ ಬಳಿಯೂ ಇತ್ತು.

2016ರಲ್ಲಿ ನಾನು ಗ್ರೆನೋಬ್ಲ್‌ನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಗ, ನಾನು ಪ್ರೀತಿಸುತ್ತಿದ್ದ ಹುಡುಗಿ ತರಬೇತಿಗೆಂದು ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿರುವ ಬ್ರೆಸ್ಟ್‌ಗೆ ಹೋದಳು. ಒಂದು ರಾತ್ರಿ ಅವಳಿಂದ ‘ತ್ಯು ಮ ಮಾಂಕ್’ ಎಂಬ ಸಂದೇಶ ಬಂತು. ತ್ಯು ಎಂದರೆ ನೀನು, ಮ ಎಂದರೆ ನನ್ನನ್ನು, ಮಾಂಕ್ ಎಂದರೆ ಇಂಗ್ಲಿಷಿನ ಮಿಸ್ ಎಂದು ನನ್ನ ಪಟ್ಟಿ ಹೇಳುತ್ತಿತ್ತು. ‘ನೀನು ನನ್ನನ್ನು ಮಿಸ್ ಮಾಡಿಕೊಳ್ಳುತ್ತಿದ್ದೀಯ’ ಎಂದು ಓದಿಕೊಂಡ ನಾನು, ಅವಳಿಗೆ ನನ್ನದೇ ಚಿಂತೆಯಾಗಿರಬೇಕು, ಸಮಾಧಾನ ಹೇಳೋಣವೆಂದು, ‘ಹೌದು, ಸ್ವಲ್ಪ. ಆದರೆ ಕ್ರಮೇಣ ಸರಿಹೋಗುತ್ತದೆ’ ಎಂದು ಫ್ರೆಂಚಿನಲ್ಲೇ ಬರೆದೆ.

ಅವಳು ಹೇಳಿದ್ದು ತನ್ನ ಹಂಬಲವನ್ನು. ಅಲ್ಲಿನ ‘ಮ’ ನನ್ನನ್ನು ಅಲ್ಲ, ನನಗೆ. ಕರ್ತೃ ‘ನೀನು’ ಆದರೂ ಕೊರತೆ ಕಾಡುವುದು ‘ನನಗೆ’ ಎಂದವಳನ್ನು. ‘ನೀನು ನನಗೆ ತುಂಬ ನೆನಪಾಗುತ್ತೀಯ’ ಎಂದು ಕನ್ನಡದಲ್ಲಿ ನಾವು ಹೇಳುವಾಗಲೂ ವಾಕ್ಯದ ಕಟ್ಟು ಇದೇ. ಕನ್ನಡದಿಂದ ನೇರವಾಗಿ ಹೋಗಿದ್ದರೆ ಆ ಮಾತು ಎದೆಗೆ ತಾಕುತ್ತಿತ್ತು. ನಾನು ಇಂಗ್ಲಿಷನ್ನು ನಡುವೆ ತಂದು ಅದನ್ನು ತಲೆಕೆಳಗು ಮಾಡಿದೆ. ನಿನ್ನ ನೆನಪು ಕಾಡುತ್ತಿದೆ ಎಂದವಳಿಗೆ ಸ್ವಲ್ಪ ತಾನೇ, ಸರಿಹೋಗುತ್ತದೆ ಎಂದಂತಾಯಿತು. ಅವಳು ಜಗಳವಾಡಲಿಲ್ಲ, ಸಂದೇಶಗಳು ಚಿಕ್ಕದಾಗುತ್ತ ಬಂದವು. ಬೀಳ್ಕೊಡುವ ದಿನ ಅವಳೇ ಆ ಉತ್ತರವನ್ನು ನೆನಪಿಸಿದಾಗ ನಾನು ವ್ಯಾಕರಣವನ್ನು ವಿವರಿಸಿದೆ, ಅವಳು ನಂಬಿದಳು ಕೂಡ. ಆದರೆ ಬೇಸಿಗೆಯಿಡೀ ಒಬ್ಬಳೇ ಅನುಭವಿಸಿದ ನೋವು ಅದರಿಂದ ಇಳಿಯಲಿಲ್ಲ.

ಇನ್ನು ನಿಮ್ಮ ವಿಷಯ. ‘ಶೂ’ ಎಂದರೆ ಎಲೆಕೋಸು, ಒಳಗೆ ಕ್ರೀಮ್ ತುಂಬಿದ ಒಂದು ತಿನಿಸಿಗೂ ಅದೇ ಹೆಸರು. ಅಮ್ಮಂದಿರು ಮಕ್ಕಳನ್ನೂ ಹಾಗೆ ಕರೆಯುತ್ತಾರೆ. ‘ಮಾ ಪ್ಯೂಸ್’ ಎಂದರೆ ನನ್ನ ಚಿಗಟವೇ ಎಂದು, ಅದೂ ಮುದ್ದೇ. ಪದದ ಅರ್ಥ ಅಗೆದು ಪ್ರೀತಿಯನ್ನು ಅಳೆಯಲಾಗದು, ಅವಳು ಬೇರೆ ಯಾರನ್ನು ಹಾಗೆ ಕರೆಯುತ್ತಾಳೆಂದು ಗಮನಿಸಿ. ‘ಬಿಜೂ’ ಅಂದರೆ ಮುತ್ತುಗಳು ನಿಜ, ಆದರೆ ಗೆಳತಿಯರಿಗೆ, ಚಿಕ್ಕಮ್ಮನಿಗೆ ಬರೆಯುವಾಗಲೂ ಅದೇ ಮುಕ್ತಾಯ. ಅದರ ಮೇಲೆ ಕನಸು ಕಟ್ಟಬೇಡಿ. ಎಚ್ಚರ ಬೇಕಾದದ್ದು ‘ಜ ತೇಮ್’ ಎಂಬಲ್ಲಿ. ಬರಿದಾಗಿ ಹೇಳಿದರೆ ಅದು ಪ್ರೀತಿಯ ನಿವೇದನೆ. ‘ಚೆನ್ನಾಗಿ’ ಎಂಬರ್ಥದ ‘ಬಿಯಾಂ’ ಸೇರಿಸಿ ‘ಜ ತೇಮ್ ಬಿಯಾಂ’ ಎಂದರೆ ಪ್ರೀತಿ ಹೆಚ್ಚುವುದಿಲ್ಲ, ನೀನು ನನಗೆ ಇಷ್ಟ ಎನ್ನುವಷ್ಟಕ್ಕೆ ಇಳಿಯುತ್ತದೆ. ಅವಳು ಇವೆರಡರಲ್ಲಿ ಯಾವುದನ್ನು ಹೇಳಿದ್ದಾಳೆಂದು ನೀವು ಬರೆದಿಲ್ಲ. ಸಂಶಯವಿದ್ದರೆ ನಮ್ಮಂಥವರನ್ನು ಕೇಳುತ್ತ ಕೂರದೆ, ಉತ್ತರ ಬರೆಯುವ ಮೊದಲೇ ಅವಳನ್ನು ಕೇಳಿ.