ಡಬ್ಬಿ ಕೀಳಬೇಡಿ, ಅಕ್ಕಾವರೇ

ಆಳಂದ ತಾಲ್ಲೂಕಿನ ಅಕ್ಕಾವರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪುಣೆಯಲ್ಲಿ ದುಡಿಯುವ ಮಗ ಬೋರಿಗೆ ಮೊಬೈಲ್ ಸ್ಟಾರ್ಟರ್, ಅಂದರೆ ಫೋನ್ ಮಾಡಿದರೆ ಮೋಟಾರ್ ಚಾಲೂ ಮಾಡುವ ಡಬ್ಬಿ, ಹಾಕಿಸಿ ಹೋಗಿದ್ದಾನೆ. ಮೊನ್ನೆ ರಾತ್ರಿ ಯಾರೂ ಫೋನ್ ಮಾಡದಿದ್ದರೂ ಮೋಟಾರ್ ಚಾಲೂ ಆಗಿದೆ. ಬೆಳಗ್ಗೆ ಹೋಗಿ ನೋಡಿದರೆ ಹೂವಿಗೆ ಬಂದ ತೊಗರಿ ಸಾಲಿನಲ್ಲಿ ನೀರು ನಿಂತಿತ್ತು. "ಯಾರೋ ಹ್ಯಾಕ್ ಮಾಡ್ಯಾರ, ಡಬ್ಬಿ ಕಿತ್ತು ಒಗಿ" ಅಂದರಂತೆ ಪಕ್ಕದ ಹೊಲದವರು. ಕೀಳಬೇಕಾ ಅಂತ ಕೇಳಿದ್ದೀರಿ.

ಬೇಡ. ರಾತ್ರಿ ಪಾಳಿಯ ಕರೆಂಟಿಗಾಗಿ ನೀವೊಬ್ಬರೇ ಬ್ಯಾಟರಿ ಹಿಡಿದು, ಹುಳಹುಪ್ಪಡಿ ಇರುವ ಬದುವಿನ ಮೇಲೆ ನಡೆಯುವುದು ತಪ್ಪಿದ್ದೇ ಆ ಡಬ್ಬಿಯಿಂದ.

ಮೊದಲು ಡಬ್ಬಿಯ ಮುಂದೆ ನಿಂತು ಒಂದು ಸ್ವಿಚ್ ನೋಡಿ. 'ಆಟೋ' ಅಂತ ಇದ್ದರೆ, ತ್ರೀಫೇಸ್ ಬಂದ ಕೂಡಲೇ ಮೋಟಾರ್ ತಾನೇ ಓಡುತ್ತದೆ. ಯಾರ ಕೈವಾಡವೂ ಬೇಕಿಲ್ಲ. ನಿಮ್ಮಲ್ಲಿ ಇದೇ ಆಗಿರುವ ಸಾಧ್ಯತೆ ಜಾಸ್ತಿ ಅಂತ ನನಗೆ ಅನಿಸುತ್ತದೆ.

ಹಾಗಂತ ಪಕ್ಕದವರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆ ಡಬ್ಬಿಯೊಳಗೆ ಒಂದು ಸಿಮ್ ಇದೆ, ಅಂದರೆ ಅದೂ ಒಂದು ಫೋನೇ. ಯಾವ ನಂಬರಿನ ಮಾತು ಕೇಳಬೇಕು ಅಂತ ಅದಕ್ಕೆ ಹೇಳಿಕೊಡಬೇಕು. ಹೇಳದಿದ್ದರೆ ಕೆಲವು ಡಬ್ಬಿಗಳು ಯಾರ ಕರೆಗೂ ಓಗೊಡುತ್ತವೆ. ರಾಂಗ್ ನಂಬರ್ ಬಂದರೂ ಸಾಕು. ನಮ್ಮ ಸೋದರಮಾವನ ಹೊಲದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಸಿಮ್ಮಿನ ನಂಬರ್ ಪಂಪಿನ ಕೋಣೆ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ, ಇಷ್ಟುದ್ದ ಅಕ್ಷರದಲ್ಲಿ. ಡಬ್ಬಿಯ ಮುಚ್ಚಳ ತೆರೆದರೆ ಒಳಗೆ ಮಾರ್ಕರಿನಲ್ಲಿ ಬರೆದ ಪಾಸ್‌ವರ್ಡ್: 1234. ಕೂಡಿಸಿದ ಮೆಕ್ಯಾನಿಕ್ ಟೆಸ್ಟ್ ಮಾಡಲು ಹಾಕಿದ್ದ ತನ್ನ ನಂಬರನ್ನೂ ತೆಗೆದಿರಲಿಲ್ಲ. ಮನೆಗೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತೆ, ಅಲ್ವಾ?

ಹೊರದೇಶಗಳಲ್ಲಿ ಇದರ ಬಿಸಿ ಆಗಲೇ ತಟ್ಟಿದೆ. 2023ರ ಏಪ್ರಿಲ್‌ನಲ್ಲಿ ಇಸ್ರೇಲಿನಲ್ಲಿ ಹೊಲಕ್ಕೆ ನೀರು ಬಿಡುವ ಕಂಟ್ರೋಲರ್‌ಗಳಿಗೆ ಹ್ಯಾಕರ್‌ಗಳು ಕೈಹಾಕಿದರು. ನನ್ನ ಮನಸ್ಸಿನಲ್ಲಿ ಕೂತಿರುವುದು ಮಾತ್ರ ಸ್ವಿಟ್ಜರ್ಲೆಂಡಿನ ಒಬ್ಬ ಹೈನುಗಾರನ ಸುದ್ದಿ. 2024ರಲ್ಲಿ ಅದು ಪತ್ರಿಕೆಗಳಲ್ಲಿ ಬಂತು. ಹಾಲು ಕರೆಯುವ ರೋಬೋಟಿನ ಜೊತೆಗಿದ್ದ ಕಂಪ್ಯೂಟರನ್ನು ಹ್ಯಾಕರ್‌ಗಳು ಲಾಕ್ ಮಾಡಿ ಹಣ ಕೇಳಿದರು. ಹಾಲು ಕರೆಯುವುದು ನಿಲ್ಲಲಿಲ್ಲ. ಆದರೆ ದನಗಳ ಮಾಹಿತಿ ಸಿಗದೆ ಹೋಯಿತು. ಗಬ್ಬದ ಹಸುವೊಂದರ ಹೊಟ್ಟೆಯಲ್ಲೇ ಕರು ಸತ್ತಿದ್ದು ಬೇಗ ಗೊತ್ತಾಗಲಿಲ್ಲ. ಕೊನೆಗೆ ಹಸುವೂ ಉಳಿಯಲಿಲ್ಲ. ಅದಕ್ಕೇ ಹೇಳುತ್ತೇನೆ, ಮೋಟಾರನ್ನು ಕೈಯಿಂದ ಚಾಲೂ, ಬಂದ್ ಮಾಡುವುದನ್ನು ನೀವು ಮರೆಯಬೇಡಿ. ಯಾವತ್ತು ಎಷ್ಟು ತಾಸು ನೀರು ಬಿಟ್ಟಿರಿ ಅನ್ನುವುದು ಒಂದು ವಹಿಯಲ್ಲೂ ಇರಲಿ.

ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲಿನಲ್ಲಿ ಬರೆದ ವಿಷಯವೇ ನನಗೆ ಜಾಸ್ತಿ ಭಯ ಹುಟ್ಟಿಸಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ 'ಪಿಎಂ ಕಿಸಾನ್' ಹೆಸರಿನ ಫೈಲ್ ಬಂದಿದೆ, ಒತ್ತಿದರೆ ಕಂತು ಬರುತ್ತದಂತೆ ಅಂದಿದ್ದೀರಿ. ಒತ್ತಬೇಡಿ. ವರ್ಷದ 6,000 ರೂಪಾಯಿ ಮೂರು ಕಂತಿನಲ್ಲಿ ನೇರ ಬ್ಯಾಂಕ್ ಖಾತೆಗೇ ಬೀಳುತ್ತದೆ, ವಾಟ್ಸಾಪ್ ಫೈಲಿನಿಂದ ಅಲ್ಲ. ಹೆಸರಿನ ಕೊನೆಗೆ 'ಎಪಿಕೆ' ಅಂತಿದ್ದರೆ ಅದು ಫೋಟೋನೂ ಅಲ್ಲ, ಪಟ್ಟಿಯೂ ಅಲ್ಲ, ಒಂದು ಆ್ಯಪ್. ಒಳಗೆ ಸೇರಿಕೊಂಡರೆ ಬ್ಯಾಂಕಿನ ಒಟಿಪಿಯನ್ನು ನಿಮಗಿಂತ ಮೊದಲೇ ಕಳ್ಳರು ಓದಿಬಿಡಬಹುದು. ತೊಗರಿ ಮಾರಿದ ದುಡ್ಡೂ ಅದೇ ಖಾತೆಯಲ್ಲಿ ಇರುತ್ತದೆ ಅಲ್ವಾ? ಯಾರಾದರೂ ಆಗಲೇ ಒತ್ತಿದ್ದರೆ ಆ ಫೋನಿನ ನೆಟ್ ಬಂದ್ ಮಾಡಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ತಡವಾದಷ್ಟೂ ಹಣ ಕೈಜಾರುತ್ತದೆ. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಡುವವರನ್ನು ತುಂಬಾ ನೋಡಿದ್ದೇನೆ. ಮೋಸ ಮಾಡಿದವನು ನಾಚಬೇಕು, ಮೋಸ ಹೋದವರಲ್ಲ.

ಮಗ ಮುಂದಿನ ಸಲ ಫೋನ್ ಮಾಡಿದಾಗ ಡಬ್ಬಿಯ ಹತ್ತಿರ ನಿಂತು ಮಾತಾಡಿ. ಪಾಸ್‌ವರ್ಡ್ ಬದಲಿಸಲಿ, ನಿಮ್ಮಿಬ್ಬರ ನಂಬರ್ ಮಾತ್ರ ಉಳಿಸಲಿ. ಆಮೇಲೆ ಪಕ್ಕದವರ ಫೋನಿನಿಂದ ಒಂದು ಕರೆ ಮಾಡಿಸಿ ನೋಡಿ. ಮೋಟಾರ್ ಏನು ಮಾಡಿತು ಅಂತ ನನಗೊಂದು ಕಾಗದ ಬರೆಯಿರಿ.

– ಸಂಪಾದಕ